ಬಾನೆಟ್ ಮೇಲೆ ಕೈಯಿಟ್ಟು

ರಾಜಾಜಿನಗರದ ಒಂದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್, ಭಾನುವಾರ ಬೆಳಿಗ್ಗೆ ಏಳೂವರೆ. ಎದುರಿಗೆ ಕರಿ ಬಣ್ಣದ ದೊಡ್ಡ ಸೆಡಾನ್. ಯುರೋಪಿನ ಕಂಪನಿಯದು, ತಲೆಯ ಮೇಲೆ ಸನ್‌ರೂಫ್, ಒಳಗೆ ಚರ್ಮದ ಸೀಟು. ಕೇಳುತ್ತಿದ್ದ ಬೆಲೆ 2.20 ಲಕ್ಷ. ನನ್ನ ಅಕ್ಕನ ಮಗ ಆಗಲೇ ಮನಸ್ಸಿನಲ್ಲಿ ಅದರೊಳಗೆ ಕೂತು ಚಾರ್ಮಾಡಿ ಹತ್ತುತ್ತಿದ್ದ. ಜೊತೆಗೆ ಬಂದಿದ್ದ ಗ್ಯಾರೇಜಿನ ಮೇಸ್ತ್ರಿ ಮಾತ್ರ ಸನ್‌ರೂಫನ್ನೂ ನೋಡಲಿಲ್ಲ, ಸೀಟನ್ನೂ ನೋಡಲಿಲ್ಲ. ಹೋದವರೇ ಬಾನೆಟ್ ಮೇಲೆ ಅಂಗೈ ಊರಿದರು. ಬಿಸಿ.

“ರಾತ್ರಿಯಿಂದ ನಿಂತಿರೋ ಗಾಡಿ ಅಂದ್ರಲ್ಲ?”

“ಈಗಷ್ಟೇ ಹಾಲು ತರೋಕೆ ಹೋಗಿದ್ದೆ ಸಾರ್.”

ಹಾಲಿನ ಬೂತು ಅದೇ ಅಪಾರ್ಟ್‌ಮೆಂಟಿನ ಗೇಟಿಗೆ ಅಂಟಿಕೊಂಡೇ ಇತ್ತು.

ಸೆಕೆಂಡ್ ಹ್ಯಾಂಡ್ ಕಾರಿನ ಮೊದಲ ಪಾಠ ನನಗೆ ಆ ಅಂಗೈಯಿಂದಲೇ ಸಿಕ್ಕಿತು. ಎಂಜಿನ್‌ನ ಕಾಯಿಲೆಗಳು ಹೊರಬೀಳುವುದು ಅದು ರಾತ್ರಿಯೆಲ್ಲ ತಣ್ಣಗಾಗಿ ಎದ್ದಾಗ. ಟೈಮಿಂಗ್ ಚೈನಿನ ಗಲಗಲ, ಬ್ಯಾಟರಿಯ ಸುಸ್ತು, ಸೈಲೆನ್ಸರಿನಿಂದ ಬರುವ ನೀಲಿ ಹೊಗೆ ಎಲ್ಲ ಮೊದಲ ಒಂದೆರಡು ನಿಮಿಷದ ಆಟ. ಒಂದು ಸುತ್ತು ಓಡಿಸಿ ಬಿಸಿ ಮಾಡಿಟ್ಟರೆ ಅರ್ಧ ರೋಗ ಮುಚ್ಚಿಹೋಗುತ್ತದೆ. ಅದಕ್ಕೇ ಮಾರುವವರಿಗೆ ಮೊದಲೇ ಹೇಳಿಡಬೇಕು: ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ.

ಹುಡುಗನ ಕೈಯಲ್ಲಿದ್ದದ್ದು ಎರಡೂವರೆ ಲಕ್ಷ. ಒಂದೂವರೆ ಅವನ ಉಳಿತಾಯ, ಒಂದು ಅವನಮ್ಮನದು. ಆಫೀಸಿಗೆ ಮೆಟ್ರೊ ಇದೆ. ಕಾರು ಬೇಕಾಗಿದ್ದು ತಿಂಗಳಿಗೆರಡು ಸಲ ತೀರ್ಥಹಳ್ಳಿಗೆ ಹೋಗಿ ಬರಲು. ಅವನು ಹಾಕಿದ ಷರತ್ತು ಮೂರು: ಬೆಲೆ ಮೀರಬಾರದು, ದಾರಿಯಲ್ಲಿ ಕೈಕೊಡಬಾರದು, “ಮತ್ತೆ ಓಡಿಸೋಕೆ ಮಜಾ ಇರ್ಬೇಕು ಮಾವ.” ಮೂರನೆಯದು ಕೇಳಿ ಅಕ್ಕ ಹಣೆ ಚಚ್ಚಿಕೊಂಡಳು. ನನಗೇನೋ ಅದು ತೀರಾ ನ್ಯಾಯವಾಗಿಯೇ ಕಂಡಿತು. ದುಡ್ಡು ಕಡಿಮೆ ಇದ್ದವನಿಗೆ ಸಂತೋಷವೂ ಕಡಿಮೆಯೇ ಸಿಗಬೇಕೆಂದು ಯಾರೂ ಬರೆದಿಟ್ಟಿಲ್ಲ.

ತೊಂದರೆ ಎಲ್ಲಿ ಅಂದರೆ, ಎರಡು ಲಕ್ಷದ ಆಸುಪಾಸಿನಲ್ಲಿ ಎರಡು ಜಾತಿಯ ಕಾರುಗಳು ಪಕ್ಕಪಕ್ಕದಲ್ಲೇ ನಿಂತಿರುತ್ತವೆ. ಒಂದು, ಹೊಸದಾಗಿದ್ದಾಗ ನಾಲ್ಕೈದು ಲಕ್ಷದ ಸಣ್ಣ ಗಾಡಿ. ಇನ್ನೊಂದು, ಹೊಸದಾಗಿದ್ದಾಗ ಹದಿನೈದು ಲಕ್ಷ ಮೀರಿದ ಠೀವಿಯ ಗಾಡಿ. ವಯಸ್ಸಾದಂತೆ ದೊಡ್ಡದರ ಬೆಲೆ ಜಾರುಬಂಡೆಯಲ್ಲಿ ಜಾರಿದ ಹಾಗೆ ಇಳಿಯುತ್ತದೆ. ವಿಮೆಯವರ ಲೆಕ್ಕದಲ್ಲೇ ಒಂದು ವರ್ಷ ದಾಟಿದ ಗಾಡಿಗೆ ಶೇ 20, ನಾಲ್ಕು ದಾಟಿದ್ದಕ್ಕೆ ಶೇ 50 ಸವಕಳಿ. ಐದರ ನಂತರ ಕೋಷ್ಟಕವೇ ಇಲ್ಲ, ಮಾತುಕತೆ ಅಷ್ಟೇ. ಆದರೆ ಗಾಡಿಯ ಬೆಲೆ ಇಳಿಯಿತೆಂದು ಅದರ ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ಹದಿನೈದು ಲಕ್ಷದ ಕಾರಿನ ಗೇರ್‌ಬಾಕ್ಸು ಕಾರು ಎರಡು ಲಕ್ಷಕ್ಕೆ ಬಂದ ಮೇಲೂ ಹದಿನೈದು ಲಕ್ಷದ ಕಾರಿನ ಗೇರ್‌ಬಾಕ್ಸೇ. ಮೇಸ್ತ್ರಿ ಇದನ್ನೇ ವಾಪಸ್ ಬರುವಾಗ ಹುಡುಗನಿಗೆ ಹೇಳಿದರು: “ತಗೊಳೋಕೆ ನಿಮ್ ಹತ್ರ ದುಡ್ಡಿದೆ ಸಾರ್. ಇಟ್ಕೊಳೋಕೆ ಇಲ್ಲ.”

ಹೀಗಾಗಿ ಮನೆಗೆ ಬಂದು ಮಾಡಿದ ಮೊದಲ ಕೆಲಸ ದುಡ್ಡನ್ನು ಎರಡು ಪಾಲು ಮಾಡಿದ್ದು. ಗಾಡಿಗೆ ಎರಡು ಲಕ್ಷ, ಉಳಿದ ಐವತ್ತು ಸಾವಿರ ಗಾಡಿ ಬಂದ ಮೇಲೆ. ಇದೊಂದು ಮಾತು ನಾನು ಗಟ್ಟಿಯಾಗಿ ಹೇಳಬಲ್ಲೆ: ಹಳೇ ಕಾರು ನಂಬಿಕಸ್ಥ ಆಗುವುದು ಕೊಂಡ ದಿನವಲ್ಲ, ಕೊಂಡ ಮೊದಲ ತಿಂಗಳಲ್ಲಿ. ಟೈರು, ಬ್ಯಾಟರಿ, ಬೆಲ್ಟು, ಬ್ರೇಕು, ಎಣ್ಣೆ ಇವಕ್ಕೆ ದುಡ್ಡು ಉಳಿಸಿಕೊಳ್ಳದೆ ಇಡೀ ಎರಡೂವರೆ ಲಕ್ಷವನ್ನೂ ಮಾರುವವನ ಕೈಗೆ ಸುರಿದವನು, ಮೊದಲ ಘಾಟಿಯಲ್ಲೇ ಟೋಯಿಂಗ್ ಗಾಡಿಗೆ ಫೋನ್ ಮಾಡುತ್ತಾನೆ.

ಇನ್ನು ಮಜಾದ ವಿಷಯ. ನಾನು ಕಾರು ಕಲಿತದ್ದು ಮಾರುತಿ 800ರಲ್ಲಿ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿಯಲ್ಲಿ ತಯಾರಿಕೆ ನಿಂತ ಆ ಪುಟ್ಟ ಡಬ್ಬಿಯ ತೂಕ ಸುಮಾರು 650 ಕಿಲೊ, ಅದರ ಶಕ್ತಿ ನಲವತ್ತು ಕುದುರೆಗೂ ಕಡಿಮೆ. ಆದರೂ ಅದರಲ್ಲಿ ಮಾಡಿದಷ್ಟು ಖುಷಿಯ ಪ್ರಯಾಣ ಆಮೇಲಿನ ಯಾವ ಕಾರಿನಲ್ಲೂ ಮಾಡಿಲ್ಲ. ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸಿದರೆ ಮುಂದಿನ ಚಕ್ರ ಏನು ಮಾಡುತ್ತಿದೆ ಎಂದು ಅಂಗೈಗೇ ಗೊತ್ತಾಗುತ್ತಿತ್ತು. ನಲವತ್ತರ ವೇಗವೂ ಎಂಬತ್ತರ ಹಾಗೆ ಅನ್ನಿಸುತ್ತಿತ್ತು. ಇನ್ನೂರು ಕುದುರೆಯ ಕಾರನ್ನು ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಓಡಿಸುವವನಿಗೆ ಸಿಗುವುದು ಆ ಕುದುರೆಗಳಿಗೆ ಹುಲ್ಲು ಹಾಕುವ ಖರ್ಚು ಮಾತ್ರ.

ಹಗುರ ಮೈ, ಕೈಯಿಂದ ಹಾಕುವ ಗೇರು, ಚುರುಕಾಗಿ ಏಳುವ ಪೆಟ್ರೋಲ್ ಎಂಜಿನ್ — ಬಡವನ ಮಜಾ ಅಂದರೆ ಇಷ್ಟೇ, ಮತ್ತು ಇದು ಪೇಟೆಯಲ್ಲಿ ಧಾರಾಳವಾಗಿ ಸಿಗುತ್ತದೆ. 2010ರಲ್ಲಿ ಬಂದ ಆಲ್ಟೊ ಕೆ10 ನೋಡಿ: ಆಲ್ಟೊದ ಅದೇ ಸಣ್ಣ ಮೈಗೆ ಒಂದು ಲೀಟರಿನ, 67 ಅಶ್ವಶಕ್ತಿಯ ಎಂಜಿನ್ ಕೂರಿಸಿದ್ದರು. ನೋಡಲು ತರಕಾರಿ ತರುವ ಗಾಡಿ, ಓಡಿಸಿದರೆ ಪಟಾಕಿ. ಅದೇ ವರ್ಷದ ಫೋರ್ಡ್ ಫಿಗೊ ತಿರುವಿನಲ್ಲಿ ನಿಲ್ಲುವ ಹದವನ್ನು ಅದನ್ನು ಇಷ್ಟಪಟ್ಟವರು ಈಗಲೂ ಹೊಗಳುತ್ತಾರೆ. ಆದರೆ 2021ರಲ್ಲಿ ಫೋರ್ಡ್ ಭಾರತದಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವ ನಿರ್ಧಾರ ಪ್ರಕಟಿಸಿದ ಮೇಲೆ ಕೊಳ್ಳುವವರು ಹಿಂಜರಿದರು, ಬೆಲೆ ಇಳಿಯಿತು. ಸ್ವಿಫ್ಟ್ ಎಲ್ಲರಿಗೂ ಬೇಕು, ಅದಕ್ಕೇ ಅದರ ಬೆಲೆ ಇಳಿಯುವುದಿಲ್ಲ. ಮೇಲಾಗಿ ಅದನ್ನು ಹಿಂದೆ ಓಡಿಸಿದವನೂ ಮಜಾ ಬೇಕೆಂದವನೇ ಆಗಿರುವ ಸಂಭವ ಜಾಸ್ತಿ. ಬಿಡದಿಯಲ್ಲಿ ತಯಾರಾದ ಎಟಿಯೋಸ್ ಲಿವಾ ಗಟ್ಟಿಮುಟ್ಟು, ಒಳಗೆ ಕೂತರೆ ಸರ್ಕಾರಿ ಕಚೇರಿಯ ಕಳೆ.

ಹುಡುಗನಿಗೆ ನಾನು ಹೇಳಿದ ಹೆಸರು ಹೋಂಡಾ ಬ್ರಿಯೊ. 2011ರಲ್ಲಿ ಬಂತು, 1.2 ಲೀಟರಿನ ಪೆಟ್ರೋಲ್ ಎಂಜಿನ್, 88 ಅಶ್ವಶಕ್ತಿ, ತೂಕ ಒಂದು ಟನ್ನಿಗೂ ಕಡಿಮೆ. ಹಿಂದಿನ ಬಾಗಿಲು ಪೂರ್ತಿ ಗಾಜು, ಡಿಕ್ಕಿಯಲ್ಲಿ ಎರಡು ಬ್ಯಾಗಿಟ್ಟರೆ ಮುಗಿಯಿತು. ಸಂಸಾರಸ್ಥರು ಡಿಕ್ಕಿ ನೋಡಿ ಮುಖ ತಿರುಗಿಸಿದರು, ಕಾರು ಹೆಚ್ಚು ಓಡಲಿಲ್ಲ, ಕೆಲವೇ ವರ್ಷಗಳಲ್ಲಿ ನಿಂತೂ ಹೋಯಿತು. ನಮಗೆ ಬೇಕಾದದ್ದೂ ಅದೇ. ಪೇಟೆಗೆ ಬೇಡವಾದದ್ದು ಅಗ್ಗ. ಬೇಡವಾಗಲು ಕಾರಣ ಎಂಜಿನ್ ಅಲ್ಲ, ಡಿಕ್ಕಿ. ಆದರೆ ನಿಂತುಹೋದ ಕಾರಿನ ಸಾಮಾನು ಸಿಗುತ್ತದೆಯೇ? ಇಲ್ಲೊಂದು ಉಪಾಯವಿದೆ: ಅದರ ಅಣ್ಣತಮ್ಮಂದಿರು ಬದುಕಿದ್ದಾರೆಯೇ ನೋಡಬೇಕು. 2013ರ ಅಮೇಜ್ ಇದೇ ಬ್ರಿಯೊದ ಅಡಿಪಾಯದ ಮೇಲೆ ಕಟ್ಟಿದ್ದು, ಎಂಜಿನ್ ಕೂಡ ಅದೇ. ಅಮೇಜ್ ಊರೂರಲ್ಲಿದೆ, ಆದ್ದರಿಂದ ಬ್ರಿಯೊದ ಬ್ರೇಕ್ ಪ್ಯಾಡಿಗೂ ಬರ ಇಲ್ಲ. ಹಿಂದಿನ ಗಾಜು ಒಡೆದರೆ ಮಾತ್ರ ದೇವರೇ ಗತಿ. ಇದೇ ಲೆಕ್ಕ ಫಿಯಟ್‌ನ 1.3 ಡೀಸೆಲ್ ಎಂಜಿನ್‌ಗೂ ಅನ್ವಯ. ಫಿಯಟ್ ಅಂಗಡಿ ಮುಚ್ಚಿಕೊಂಡು ಹೋದರೂ ಆ ಎಂಜಿನ್ ಸ್ವಿಫ್ಟ್‌ನಲ್ಲಿ, ಡಿಸೈರ್‌ನಲ್ಲಿ, ಇಂಡಿಕಾ ವಿಸ್ತಾದಲ್ಲಿ ಕೂತಿದ್ದರಿಂದ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅದರ ಸಾಮಾನು ಇಲ್ಲದ ಅಂಗಡಿ ಹುಡುಕಬೇಕು.

ಒಂದು ವಿಷಯದಲ್ಲಿ ಮಾತ್ರ ನಾನು ರಾಜಿಗೆ ಬರಲಿಲ್ಲ. ಡ್ರೈವರ್ ಏರ್‌ಬ್ಯಾಗ್ ನಮ್ಮಲ್ಲಿ ಕಡ್ಡಾಯವಾದದ್ದು 2019ರ ಜುಲೈನಿಂದ. ಅದಕ್ಕಿಂತ ಹಳೆಯ ಕಾರುಗಳಲ್ಲಿ ಏರ್‌ಬ್ಯಾಗೂ ಎಬಿಎಸ್ಸೂ ಹೆಚ್ಚಾಗಿ ಮೇಲಿನ ದರ್ಜೆಯ ಮಾದರಿಗಳಿಗಷ್ಟೇ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಮೊದಲ ಸಲ ಭಾರತದ ಐದು ಸಣ್ಣ ಕಾರುಗಳ ಕೆಳದರ್ಜೆಯ ಮಾದರಿಗಳನ್ನು ಗುದ್ದಿಸಿ ನೋಡಿದಾಗ ಐದಕ್ಕೂ ಸೊನ್ನೆ ಬಂತು. ಹಳೇ ಕಾರಿನ ಪೇಟೆಯಲ್ಲಿ ಮೇಲಿನ ಮಾದರಿಗೂ ಕೆಳಗಿನದಕ್ಕೂ ಅಂತರ ಹತ್ತಿಪ್ಪತ್ತು ಸಾವಿರ ಇದ್ದೀತು, ಅಷ್ಟೇ. ಆ ದುಡ್ಡನ್ನು ಸ್ಟೀರಿಯೊಗೆ ಉಳಿಸುವ ಯೋಚನೆ ಬೇಡ. ಏರ್‌ಬ್ಯಾಗ್ ಇದ್ದರೂ ಒಂದು ಕೆಲಸ ಬಾಕಿ ಇರುತ್ತದೆ. ಟಕಾಟಾ ಕಂಪನಿಯ ದೋಷದ ಏರ್‌ಬ್ಯಾಗುಗಳಿಗಾಗಿ 2012ರ ಆಸುಪಾಸಿನ ಹೋಂಡಾ ಸಿಟಿ, ಜಾಝ್‌ನಂಥ ಕಾರುಗಳನ್ನು ವಾಪಸ್ ಕರೆದಿದ್ದರು. ಚಾಸಿ ನಂಬರ್ ಕೊಟ್ಟು ಕಂಪನಿಯ ಶೋರೂಮಿನಲ್ಲಿ ಕೇಳಿದರೆ, ನಿಮ್ಮ ಗಾಡಿಗೆ ಅಂಥ ಕೆಲಸ ಬಾಕಿ ಇದೆಯೇ ಹೇಳುತ್ತಾರೆ, ಪುಕ್ಕಟೆ ಮಾಡಿಕೊಡುತ್ತಾರೆ.

ಆಮೇಲಿನ ಐದು ಭಾನುವಾರ ನಾವು ನೋಡಿದ ಕಾರುಗಳದ್ದೇ ಒಂದು ಪುರಾಣ. ಎಲ್ಲವೂ ‘ಡಾಕ್ಟರ್ ಗಾಡಿ ಸಾರ್, ಸಿಂಗಲ್ ಹ್ಯಾಂಡ್’. ಮಾರಾಟಕ್ಕಿರುವ ಕಾರುಗಳೆಲ್ಲ ಡಾಕ್ಟರುಗಳದ್ದೇ ಎಂದಾದರೆ ಕರ್ನಾಟಕದಲ್ಲಿ ಇಷ್ಟು ಆಸ್ಪತ್ರೆಗಳು ಸಾಲವು. ಉಡುಪಿ ಕಡೆಯ ಒಂದು ಕಾರು ಮೇಲೆ ಕನ್ನಡಿಯ ಹಾಗಿತ್ತು, ಜ್ಯಾಕ್ ಕೊಟ್ಟು ಎತ್ತಿದರೆ ಕೆಳಗೆ ಉಪ್ಪುಗಾಳಿ ತಿಂದ ತಗಡು ಹಪ್ಪಳದಂತೆ ಉದುರಿತು. ಇನ್ನೊಂದು ದೆಹಲಿಯಿಂದ ಬಂದ ಡೀಸೆಲ್. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ಹೇರಿದ ನಿರ್ಬಂಧದಿಂದಾಗಿ ಅವು ದಕ್ಷಿಣಕ್ಕೆ ಅಗ್ಗದಲ್ಲಿ ಹರಿದು ಬಂದವು. ಆದರೆ ಹೊರರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರ್ ಬೇಕು, ಅದಕ್ಕೆ ಎನ್‌ಒಸಿ ಬೇಕು, ಕರ್ನಾಟಕದ ರಸ್ತೆ ತೆರಿಗೆ ಕಟ್ಟಬೇಕು. ಆ ಲೆಕ್ಕ ಸೇರಿಸಿದ ಮೇಲೆ ಅಗ್ಗ ಅಗ್ಗವಾಗಿ ಉಳಿಯುವುದಿಲ್ಲ. ಯಲ್ಲೋ ಬೋರ್ಡಿನಲ್ಲಿ ದುಡಿದು ದಣಿದು ವೈಟ್ ಬೋರ್ಡ್ ಆಗಿ ಬಂದ ಟ್ಯಾಕ್ಸಿಗಳು ಬೇರೆ.

ಒಂದು ಬೆಳ್ಳಿ ಬಣ್ಣದ ಕಾರಿನ ಕಥೆ ಮಾತ್ರ ಹೇಳಲೇಬೇಕು. ಸರ್ಜಾಪುರ ರಸ್ತೆಯ ಕಡೆಯದು. ಒಳಗೆ ಸೀಟ್ ಕವರು ಹೊಚ್ಚ ಹೊಸದು, ಕಾರ್ಪೆಟ್ ಹೊಸದು, ಮಲ್ಲಿಗೆ ಸೆಂಟಿನ ಘಮಘಮ. ಮೇಸ್ತ್ರಿ ಡ್ರೈವರ್ ಸೀಟಿನ ಬೆಲ್ಟನ್ನು ಎಳೆದರು. ನಾವೆಲ್ಲ ಎಳೆಯುವಷ್ಟಲ್ಲ, ಇನ್ನು ಬರುವುದಿಲ್ಲ ಅನ್ನುವವರೆಗೆ, ಪೂರ್ತಿ. ಕೊನೆಯ ಒಂದು ಗೇಣು ಪಟ್ಟಿಯಲ್ಲಿ ಒಣಗಿದ ಕೆಸರಿನ ಗೆರೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ಕಾರುಗಳು ನೀರಿನಲ್ಲಿ ಮುಳುಗಿ ನಿಂತ ಚಿತ್ರಗಳು ನೆನಪಿರಬೇಕು. ಸೀಟು ತೊಳೆಯುತ್ತಾರೆ, ಕಾರ್ಪೆಟ್ ಬದಲಿಸುತ್ತಾರೆ. ಸುತ್ತಿಕೊಂಡು ಒಳಗೆ ಕೂತ ಬೆಲ್ಟಿನ ತುದಿಯನ್ನು ತೊಳೆಯಲು ಯಾರಿಗೂ ನೆನಪಾಗುವುದಿಲ್ಲ. ನೀರು ಕುಡಿದ ಗಾಡಿಯ ವೈರಿಂಗ್ ವರ್ಷದ ಮೇಲೂ ಕಾಡುತ್ತದೆ. ಇವತ್ತು ಪವರ್ ವಿಂಡೊ, ನಾಳೆ ಹಾರ್ನ್.

ಆರನೇ ಭಾನುವಾರ ಹಾಸನ. ವಿದ್ಯಾನಗರದಲ್ಲಿ ನಿವೃತ್ತ ಉಪನ್ಯಾಸಕರೊಬ್ಬರ 2013ರ ಬ್ರಿಯೊ, ಕೆಎ 13 ನಂಬರ್, 61,000 ಕಿಲೊಮೀಟರ್, ಎರಡು ಏರ್‌ಬ್ಯಾಗ್. ಬಾನೆಟ್ ತಣ್ಣಗಿತ್ತು, ಮೇಲೆ ಇಬ್ಬನಿ. ಯಜಮಾನರು ಕಾಫಿಗೂ ಮೊದಲು ಒಂದು ಫೈಲ್ ತಂದಿಟ್ಟರು. ಸರ್ವಿಸ್ ಬಿಲ್ಲು, ವರ್ಷವರ್ಷದ ವಿಮೆ, ಎರಡನೇ ಕೀ. ಈ ಎರಡನೇ ಕೀಯನ್ನು ನಾನು ಈಗ ಬಹಳ ನಂಬುತ್ತೇನೆ. ಹನ್ನೆರಡು ವರ್ಷ ಒಂದು ಕೀಯನ್ನು ಕಳೆಯದೆ ಇಟ್ಟವರು ಎಂಜಿನ್ ಆಯಿಲನ್ನೂ ಸಮಯಕ್ಕೆ ಬದಲಿಸಿರುತ್ತಾರೆ. ವಿಮೆಯ ಕಾಗದದಲ್ಲಿ ‘ನೋ ಕ್ಲೇಮ್ ಬೋನಸ್’ ಶೇ 50 ಎಂದಿತ್ತು. ಅದರರ್ಥ ಕನಿಷ್ಠ ಐದು ವರ್ಷ ಒಂದೂ ಕ್ಲೇಮ್ ಇಲ್ಲ. ‘ಆಕ್ಸಿಡೆಂಟ್ ಆಗಿಲ್ಲ ಸಾರ್’ ಎನ್ನುವ ಬಾಯಿಮಾತಿಗಿಂತ ಈ ಒಂದು ಸಾಲು ಮೇಲು.

ಮೇಸ್ತ್ರಿಯ ಕೆಲಸ ಶುರುವಾಯಿತು. ಬಾನೆಟ್ ಎತ್ತಿ ಮೊದಲು ನೋಡಿದ್ದು ಎಂಜಿನ್ ಅಲ್ಲ, ಬಾನೆಟ್ಟಿನ ಬೋಲ್ಟು. ಅದರ ಮೇಲಿನ ಬಣ್ಣ ಸಿಪ್ಪೆ ಎದ್ದಿದ್ದರೆ ಸ್ಪಾನರ್ ಬಿದ್ದಿದೆ, ಅಂದರೆ ಬಾನೆಟ್ ಬಿಚ್ಚಿದ್ದಾರೆ. ಬಾಗಿಲಿನ ರಬ್ಬರ್ ಬೀಡಿಂಗ್ ಕಿತ್ತು, ಕಂಪನಿಯಲ್ಲಿ ಹಾಕಿದ ದುಂಡನೆಯ ವೆಲ್ಡಿಂಗ್ ಚುಕ್ಕೆಗಳು ಸಾಲಾಗಿವೆಯೇ ನೋಡಿದರು. ಎಡಗಡೆಯ ಹಿಂದಿನ ಬಾಗಿಲಿಗೆ ಬೆರಳಿನಿಂದ ತಟ್ಟಿ, “ಇಲ್ಲಿ ಪುಟ್ಟಿ ಇದೆ” ಅಂದರು. ಯಜಮಾನರು ನಕ್ಕು ಗೇಟಿನ ಕಂಬ ತೋರಿಸಿದರು. ಕಂಬಕ್ಕೆ ಇನ್ನೂ ಕೆಂಪು ಬಣ್ಣ ಮೆತ್ತಿತ್ತು. ಎಣ್ಣೆಯ ಮುಚ್ಚಳ ತೆಗೆದು ಒಳಗೆ ಮಜ್ಜಿಗೆ ಬಣ್ಣದ ಜಿಡ್ಡಿದೆಯೇ ಎಂದು ನೋಡಿದರು; ಇದ್ದರೆ ಎಂಜಿನ್ ಆಯಿಲಿಗೆ ನೀರು ಸೇರುತ್ತಿರಬಹುದು, ಆ ಖರ್ಚು ನಮ್ಮದಲ್ಲ. ಇರಲಿಲ್ಲ. ಡಿಕ್ಕಿಯ ಚಾಪೆ ಎತ್ತಿ ಸ್ಟೆಪ್ನಿ ತೆಗೆದು ಕೆಳಗಿನ ತಗಡು ಸವರಿದರು. ಅಲ್ಲೊಂದು ನೀಲಿ ಹೂವಿನ ಕೊಡೆ ಇತ್ತು. ಅದನ್ನು ತೆಗೆದು, ನೋಡಿ, ಇದ್ದಲ್ಲೇ ಇಟ್ಟರು.

ಫೋನಿಗೆ ಜೋಡಿಸುವ ಸಣ್ಣ ಸ್ಕ್ಯಾನರ್ ಒಂದು ಅವರ ಬಳಿ ಇರುತ್ತದೆ. ಸ್ಟಿಯರಿಂಗ್ ಕೆಳಗಿನ ಪಿನ್ನಿಗೆ ಚುಚ್ಚಿದರೆ ಗಾಡಿಯ ಕಂಪ್ಯೂಟರು ತನ್ನ ದೂರುಗಳನ್ನು ಹೇಳಿಕೊಳ್ಳುತ್ತದೆ. ಚಾಲಾಕಿಗಳು ಮಾರುವ ಮುನ್ನ ಆ ದೂರುಗಳನ್ನು ಅಳಿಸಿಟ್ಟಿರುತ್ತಾರೆ. ಆದರೆ ಅಳಿಸಿದ ಮೇಲೆ ಗಾಡಿ ತನ್ನ ಸ್ವಯಂ ಪರೀಕ್ಷೆಗಳನ್ನು ಮತ್ತೆ ಮುಗಿಸಲು ಕೆಲವು ದಿನದ ಓಡಾಟ ಬೇಕು. ಆ ಪರೀಕ್ಷೆಗಳು ‘ಅಪೂರ್ಣ’ ಎಂದು ತೋರಿಸಿದರೆ, ಯಾರೋ ನಿನ್ನೆಯಷ್ಟೇ ಸ್ಲೇಟು ಒರೆಸಿದ್ದಾರೆ ಎಂದು ತಿಳಿಯಬೇಕು. ಇಲ್ಲಿ ಎಲ್ಲ ಪೂರ್ಣವಾಗಿತ್ತು.

ಆಮೇಲೆ ಓಡಿಸಿದ್ದು. ರೇಡಿಯೊ ಬಂದ್, ಎಸಿ ಬಂದ್, ಕಿಟಕಿ ಇಳಿಸಿ. ಖಾಲಿ ಜಾಗದಲ್ಲಿ ಸ್ಟಿಯರಿಂಗನ್ನು ಪೂರ್ತಿ ಒಂದು ಕಡೆ ತಿರುಗಿಸಿ ನಿಧಾನ ಸುತ್ತಿದಾಗ ಮುಂದಿನ ಚಕ್ರದಿಂದ ಟಕಟಕ ಬರಬಾರದು, ಬಂದರೆ ಆಕ್ಸಲ್ ಹೋಗಿದೆ. ಏರಿನಲ್ಲಿ ಮೇಲಿನ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಮಾತ್ರ ಕೂಗಿ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಪ್ಲೇಟ್ ಸವೆದಿದೆ. ಹಂಪಿನ ಮೇಲೆ ಹತ್ತಿಸಿದಾಗ ಮುಂದುಗಡೆ ‘ಧಡ್’ ಅಂತು. “ಲೋವರ್ ಆರ್ಮ್ ಬುಷ್,” ಎಂದು ಮೇಸ್ತ್ರಿ ಖುಷಿಯಾದರು. ಚೌಕಾಸಿಗೆ ಒಂದು ದಾರಿ ಸಿಕ್ಕಿತಲ್ಲ! ಎರಡನೆಯದು ಟೈರು. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ 2316. ಅಂದರೆ 2016ರ 23ನೇ ವಾರ. ಗುಂಡಿ ಇನ್ನೂ ಆಳವಾಗಿಯೇ ಇತ್ತು, ಆದರೆ ರಬ್ಬರು ಗಟ್ಟಿಯಾಗಿ ಗೆರೆ ಬಿಟ್ಟಿತ್ತು. ಕಡಿಮೆ ಓಡಿಸುವವರ ಕಾರಿನಲ್ಲಿ ಟೈರು ಸವೆಯುವುದಿಲ್ಲ, ಮುದಿಯಾಗುತ್ತದೆ.

ಹುಡುಗ ಹೋಗುವಾಗ ಪಕ್ಕದಲ್ಲಿ ಕೂತಿದ್ದ, ಬರುವಾಗ ಓಡಿಸಿದ. ಸಕಲೇಶಪುರದ ಕಡೆಯ ರಸ್ತೆಯಲ್ಲಿ ಎರಡನೇ ಗೇರಿನಿಂದ ಮೂರಕ್ಕೆ ಹಾಕಿ ಎಂಜಿನ್ ದನಿ ಏರಿದಾಗ ಅವನ ಮುಖ ನೋಡಬೇಕಿತ್ತು. ಸನ್‌ರೂಫಿನ ಮಾತು ಮತ್ತೆ ಬರಲಿಲ್ಲ.

ಹೇಳಿದ್ದು 2.40. ಟೈರು, ಬುಷ್ಷು, ಇನ್ನು ಮೂರೇ ವರ್ಷ ಉಳಿದ ಆರ್‌ಸಿ ತೋರಿಸಿ ಮಾತಾಡಿದೆವು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಗಾಡಿಯನ್ನು ಆರ್‌ಟಿಒಗೆ ತೋರಿಸಿ ನವೀಕರಿಸಬೇಕು, 2022ರ ಏಪ್ರಿಲಿನಲ್ಲಿ ಅದರ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. 2.05ಕ್ಕೆ ಮುಗಿಯಿತು. ಯಜಮಾನರಿಗೆ ದುಡ್ಡಿಗಿಂತ ಹೆಚ್ಚಾಗಿ ಬೇಕಿದ್ದದ್ದು ಒಂದು ಭರವಸೆ: “ಹೆಸರು ಮಾತ್ರ ಬೇಗ ಬದಲಾಯಿಸ್ಕೊಳಿ.” ಅವರ ಅಂಜಿಕೆಗೆ ಕಾರಣವಿದೆ. ಗಾಡಿ ಮಾರಿದರೂ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಬ್ರೋಕರುಗಳು ಖಾಲಿ ಫಾರಂಗೆ ಸಹಿ ಹಾಕಿಸಿಕೊಂಡು ಗಾಡಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಆ ಫಾರಂ 29, 30ರ ಸಹಿ ಎಷ್ಟೋ ಜನರ ನಿದ್ದೆ ಕೆಡಿಸಿದೆ. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು, ವಿಮೆಯನ್ನು 14 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ದುಡ್ಡು ಕೊಡುವ ಮೊದಲು ಸಾರಿಗೆ ಇಲಾಖೆಯ ಜಾಲತಾಣದಲ್ಲಿ ಸಾಲ ಬಾಕಿ ಇದೆಯೇ, ಪೊಲೀಸರ ಜಾಲತಾಣದಲ್ಲಿ ದಂಡ ಬಾಕಿ ಇದೆಯೇ ಎಂದು ನೋಡಿದೆವು. ಒಂದು ಸಿಗ್ನಲ್ ಜಂಪ್ ಇತ್ತು. ಉಪನ್ಯಾಸಕರು ನಾಚಿಕೊಂಡು ಅಲ್ಲೇ ಫೋನಿನಲ್ಲಿ ಕಟ್ಟಿದರು.

ಉಳಿದ ದುಡ್ಡಿನ ಲೆಕ್ಕ ಹುಡುಗನ ಡೈರಿಯಲ್ಲಿದೆ. ನಾಲ್ಕು ಟೈರು 18,000, ಬ್ಯಾಟರಿ 4,200, ಎಂಜಿನ್ ಆಯಿಲ್, ಕೂಲಂಟ್, ಬ್ರೇಕ್ ಆಯಿಲ್, ಫಿಲ್ಟರುಗಳು 6,500, ಬುಷ್, ಬ್ರೇಕ್ ಪ್ಯಾಡ್, ಟ್ಯಾಪೆಟ್ ಸೆಟ್ಟಿಂಗ್ 5,300. ವಿಮೆ ಮತ್ತು ಹೆಸರು ಬದಲಾವಣೆ ಸೇರಿ 12,000. ಪೆಟ್ರೋಲಿಗೆ ಈಗ ಶೇ 20 ಎಥೆನಾಲ್ ಬೆರೆಯುತ್ತಿರುವುದರಿಂದ ಪೆಟ್ರೋಲ್ ಹೋಗುವ ರಬ್ಬರ್ ಪೈಪುಗಳನ್ನೂ ಮೇಸ್ತ್ರಿ ಒತ್ತಿ ನೋಡಿದರು, ಅವು ಸದ್ಯಕ್ಕೆ ಗಟ್ಟಿ ಇವೆ. ಒಟ್ಟು 2.51 ಲಕ್ಷ. ಮೇಲಿನ ಒಂದು ಸಾವಿರ ಮಾವನ ಜೇಬಿನಿಂದ.

ಜುಲೈ ಮೊದಲ ವಾರ ಅವನು ಊರಿಗೆ ಹೋದ. ತೀರ್ಥಹಳ್ಳಿಯಲ್ಲಿ ಕೂತಿರಲಾರದೆ, ಅಮ್ಮನಿಗೆ ಇಲ್ಲೇ ಪೇಟೆಗೆ ಹೋಗಿ ಬರುತ್ತೇನೆಂದು ಹೇಳಿ ಆಗುಂಬೆಯ ಹದಿನಾಲ್ಕು ತಿರುವು ಇಳಿದು ಮತ್ತೆ ಹತ್ತಿದನಂತೆ. ಮೇಲೆ ಬಂದು ಟೀ ಅಂಗಡಿಯ ಮುಂದೆ ನಿಲ್ಲಿಸಿದಾಗ ಹಾಸನದಿಂದ ಫೋನ್. ಏನೋ ದೂರು ಬಂತು ಅಂದುಕೊಂಡನಂತೆ.

“ಏನಿಲ್ಲಪ್ಪ. ಡಿಕ್ಕಿಯಲ್ಲಿ ಒಂದು ನೀಲಿ ಕೊಡೆ ಇತ್ತಾ ನೋಡು. ನಮ್ಮನೆಯವಳು ಬೆಳಿಗ್ಗೆಯಿಂದ ಹುಡುಕ್ತಾ ಇದಾಳೆ.”

ಹುಡುಗ ಅದೇ ಕೊಡೆ ಬಿಚ್ಚಿಕೊಂಡು ಮಳೆಯಲ್ಲಿ ನಿಂತಿದ್ದ.